ಡಿಮೆನ್ಷಿಯಾ ಸಂಶೋಧನೆಗೆ ಹಣ: ಕಡೂರು, ತರೀಕೆರೆ, ಅಜ್ಜಂಪುರದ ಎಳೆಯರಿಗೊಂದು ಕೈಪಿಡಿ

ಮರೆವಿನ ಕಾಯಿಲೆಯ ಬಗ್ಗೆ ಸಂಶೋಧನೆ ಮಾಡುವ ಆಸೆ ಇದೆ. ಆದರೆ ಹಣ ಕೊಡುವವರು ಯಾರು? ನಮ್ಮಂಥ ತಾಲ್ಲೂಕಿನಿಂದ ಬಂದವರಿಗೆ ಅದು ದಕ್ಕುತ್ತದೆಯೇ? ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಓದುತ್ತಿರುವ ತರೀಕೆರೆಯ ಹುಡುಗಿಗೂ, ಚಿಕ್ಕಮಗಳೂರು ಇಲ್ಲವೇ ಶಿವಮೊಗ್ಗದ ವೈದ್ಯಕೀಯ ಕಾಲೇಜಿನಲ್ಲಿರುವ ಕಡೂರಿನ ಹುಡುಗನಿಗೂ, ಎಂಎಸ್‌ಡಬ್ಲ್ಯೂ ಮುಗಿಸಿ ಅಜ್ಜಂಪುರಕ್ಕೆ ಮರಳಿದವರಿಗೂ ಏಳುವ ಪ್ರಶ್ನೆ ಇದು. ದಕ್ಕುತ್ತದೆ. ಒಂದೇ ಕಡೆಯಿಂದಲ್ಲ, ಒಂದೇ ಏಟಿಗೂ ಅಲ್ಲ. ಓದಿನ ಒಂದೊಂದು ಹಂತಕ್ಕೂ ಒಂದೊಂದು ಬಾಗಿಲಿದೆ. ಆದರೆ ಹಣದ ಬಾಗಿಲು ತಟ್ಟುವ ಮೊದಲು ಕೈಯಲ್ಲಿ ಎರಡು ಇರಬೇಕು: ಒಂದು ಗಟ್ಟಿ ಪ್ರಶ್ನೆ, ನಿಮ್ಮನ್ನು ತನ್ನವರೆಂದು ಒಪ್ಪುವ ಒಂದು ಸಂಸ್ಥೆ. ಎರಡನೆಯದಕ್ಕೆ ಊರು ಬಿಟ್ಟು ಓಡಾಡಬೇಕಾದೀತು. ಮೊದಲನೆಯದು ನಿಮ್ಮ ಊರಲ್ಲೇ ಇದೆ ಎಂಬುದು ನನ್ನ ದೃಢವಾದ ನಂಬಿಕೆ.

ಯಾಕೆ ಹೀಗೆನ್ನುತ್ತೇನೆಂದರೆ, 2010ರಲ್ಲಿ ಭಾರತೀಯ ಅಲ್ಝೈಮರ್ಸ್ ಸಂಘವಾದ ಎಆರ್‌ಡಿಎಸ್‌ಐ ಹೊರತಂದ ವರದಿ ದೇಶದಲ್ಲಿ ಡಿಮೆನ್ಷಿಯಾ ಇರುವವರು ಸುಮಾರು 37 ಲಕ್ಷ ಎಂದಿತ್ತು. 2023ರಲ್ಲಿ ಪ್ರಕಟವಾದ ಲಾಸಿ-ಡ್ಯಾಡ್ ಅಧ್ಯಯನ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿ, ಅಂದರೆ 88 ಲಕ್ಷ ಜನ ಎಂದು ಅಂದಾಜು ಮಾಡಿತು. ನಮಗೆ ಮುಖ್ಯವಾದದ್ದು ಅದರ ಒಳಗಿನ ಲೆಕ್ಕ. ನಗರಗಳಲ್ಲಿ ಶೇ 5.3 ಇದ್ದರೆ ಹಳ್ಳಿಗಳಲ್ಲಿ ಶೇ 8.4. ಗಂಡಸರಲ್ಲಿ 5.8, ಹೆಂಗಸರಲ್ಲಿ 9. ಅಜ್ಜ ಅಜ್ಜಿಯರು ಇನ್ನೂರು ಮಂದಿ ಇರುವ ಊರಿನಲ್ಲಿ ಹದಿನಾರು ಹದಿನೇಳು ಮಂದಿಗೆ ಈ ಕಾಯಿಲೆ ಇರಬಹುದು ಎಂದಾಯಿತು. ಅವರಲ್ಲಿ ಎಷ್ಟು ಜನ ಒಮ್ಮೆಯಾದರೂ ಇದಕ್ಕಾಗಿ ವೈದ್ಯರನ್ನು ಕಂಡಿದ್ದಾರೆ? ವಯಸ್ಸಾಯಿತು, ಅರಳುಮರಳು ಎಂದು ಮನೆಯವರು ಸುಮ್ಮನಾಗುತ್ತಾರೆ. ಮಗ ಬೆಂಗಳೂರಿನಲ್ಲಿ, ಸೊಸೆಯೂ ಅಲ್ಲೇ. ಗದ್ದೆ, ತೋಟ, ದನದ ಜೊತೆಗೆ ದಾರಿ ತಪ್ಪಿ ಹೋಗುವ ಅತ್ತೆಯನ್ನೂ ಕಾಯುವವಳು ಊರಲ್ಲಿ ಉಳಿದ ಇನ್ನೊಬ್ಬ ಸೊಸೆ. ಅವಳ ದುಡಿಮೆಗೆ ಲೆಕ್ಕ ಇಟ್ಟವರಿಲ್ಲ.

ಲೆಕ್ಕ ಇಡುವವರು ಬೇಕೆಂಬ ಮಾತು ಹೊಸದಲ್ಲ. 1998ರಲ್ಲಿ ಕೊಚ್ಚಿಯಲ್ಲಿ ಸೇರಿದ್ದ ಸಂಶೋಧಕರು 10/66 ಎಂಬ ಗುಂಪು ಕಟ್ಟಿದರು. ಡಿಮೆನ್ಷಿಯಾ ಇರುವವರಲ್ಲಿ ಶೇ 66 ಮಂದಿ ಬಡ ಹಾಗೂ ಬೆಳೆಯುತ್ತಿರುವ ದೇಶಗಳಲ್ಲಿದ್ದಾರೆ, ಜನಸಮುದಾಯದ ನಡುವಿನ ಸಂಶೋಧನೆಯಲ್ಲಿ ಅವರ ಪಾಲು ಶೇ 10 ಕೂಡ ಇಲ್ಲ ಎಂಬುದೇ ಆ ಹೆಸರಿನ ಅರ್ಥ. ತಮಿಳುನಾಡಿನಲ್ಲಿ ಚೆನ್ನೈ ಮತ್ತು ವೆಲ್ಲೂರಿನ ಸುತ್ತಲ ಹಳ್ಳಿಗಳಲ್ಲಿ ಆ ಗುಂಪು ಕೆಲಸ ಮಾಡಿತು.

ಕರ್ನಾಟಕದ ದೊಡ್ಡ ಉದಾಹರಣೆ ಕೋಲಾರ ಜಿಲ್ಲೆಯ ಶ್ರೀನಿವಾಸಪುರ. ಅಲ್ಲಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಾನುಗಟ್ಟಲೆ ಹಿಂಬಾಲಿಸುವ ಗುರಿಯ ‘ಸ್ಯಾನ್ಸ್‌ಕಾಗ್’ ಅಧ್ಯಯನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ, ಅಂದರೆ ಸಿಬಿಆರ್, ನಡೆಸುತ್ತಿದೆ. ಈ ಕೇಂದ್ರ ಸಾಧ್ಯವಾದದ್ದು ಇನ್ಫೊಸಿಸ್‌ನ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಮತ್ತು ಸುಧಾ ಗೋಪಾಲಕೃಷ್ಣನ್ ದಂಪತಿಯ ಪ್ರತೀಕ್ಷಾ ಟ್ರಸ್ಟ್ 2014ರಲ್ಲಿ 225 ಕೋಟಿ ರೂಪಾಯಿ ಕೊಡಲು ಒಪ್ಪಿದ್ದರಿಂದ. ಹಳ್ಳಿಯವರನ್ನು ಬೆಂಗಳೂರಿಗೆ ಕರೆತಂದು ಎಂಆರ್‌ಐ ಮಾಡಿಸಿ, ರಕ್ತ ಪರೀಕ್ಷಿಸಿ, ನೆನಪಿನ ಪರೀಕ್ಷೆ ನಡೆಸಿ ಮತ್ತೆ ಊರಿಗೆ ಮುಟ್ಟಿಸುವ ಕೆಲಸಕ್ಕೆ ಎಷ್ಟು ಖರ್ಚು ಬರುತ್ತದೆಂದು ಊಹಿಸಿ. ಅದನ್ನೇ ಕಡೂರಿನಲ್ಲಿ ಮಾಡುತ್ತೇನೆಂದು ಹೊಸಬರು ಅರ್ಜಿ ಬರೆದರೆ ಓದುವವರು ಮೊದಲ ಪುಟದಲ್ಲೇ ಕೈಬಿಡುತ್ತಾರೆ. ಇಂಥ ಅಧ್ಯಯನಗಳ ಜೊತೆ ಪೈಪೋಟಿ ಬೇಡ. ಅವು ಮುಟ್ಟದ ಒಂದು ಸಣ್ಣ ಪ್ರಶ್ನೆಯನ್ನು ಹಿಡಿಯಿರಿ.

ಪ್ರಶ್ನೆ ಎಲ್ಲಿದೆ

ನೆನಪಿನ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ಜಗತ್ತಿನಾದ್ಯಂತ ಬಳಕೆಯಲ್ಲಿರುವ ಎಂಎಂಎಸ್‌ಇ 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು, 30 ಅಂಕಗಳದ್ದು. ಇವತ್ತು ತಾರೀಖು ಎಷ್ಟು, ಇಸವಿ ಯಾವುದು, ನೂರರಿಂದ ಏಳೇಳು ಕಳೆಯುತ್ತ ಬನ್ನಿ, ಒಂದು ವಾಕ್ಯ ಬರೆಯಿರಿ ಎಂದು ಅದು ಕೇಳುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಂಪುರ ಕಡೆಯ ಅಜ್ಜಿಯೊಬ್ಬರ ಮುಂದೆ ಕುಳಿತು ಇದನ್ನು ಕೇಳಿದರೆ ಏನಾಗುತ್ತದೆ? ತಾರೀಖು ಗೊತ್ತಿಲ್ಲ ಎನ್ನುತ್ತಾರೆ. ಆದರೆ ಅಮಾವಾಸ್ಯೆಗೆ ಎಷ್ಟು ದಿನ ಉಳಿದಿದೆ, ಸಂತೆ ಯಾವತ್ತು, ಈ ಸಲ ಯುಗಾದಿ ಕಳೆದು ಎಷ್ಟನೇ ಮಳೆ ನಡೆಯುತ್ತಿದೆ ಎಂದು ಕರಾರುವಾಕ್ಕಾಗಿ ಹೇಳುತ್ತಾರೆ. ಏಳೇಳು ಕಳೆಯಲು ತಡವರಿಸುವವರು ಚೀಲಕ್ಕೆ ಇಷ್ಟು ಎಂದರೆ ಹದಿನೇಳು ಚೀಲ ಈರುಳ್ಳಿಗೆ ಎಷ್ಟಾಯಿತೆಂದು ಬಾಯಲ್ಲೇ ಲೆಕ್ಕ ಹಾಕಿ ವ್ಯಾಪಾರಿಯನ್ನು ಕಟ್ಟಿಹಾಕುತ್ತಾರೆ. ಅಂಕಪಟ್ಟಿಯಲ್ಲಿ ಇವರು ರೋಗಿ. ಬಾಳಿನಲ್ಲಿ ಅಲ್ಲ. ಇದರ ತಿರುಗುಮುರುಗೂ ನಡೆಯುತ್ತದೆ. ಓದಿದ ಮೇಷ್ಟ್ರು ಪರೀಕ್ಷೆಯಲ್ಲಿ ಪಾಸಾಗುತ್ತಾರೆ, ಮನೆಯಲ್ಲಿ ಒಲೆ ಆರಿಸುವುದನ್ನು ಮರೆಯುತ್ತಾರೆ.

ಈ ತೊಡಕಿಗೆ ಉತ್ತರವಾಗಿ ಹರಿಯಾಣದ ಬಲ್ಲಭ್‌ಗಢದಲ್ಲಿ 1990ರ ದಶಕದಲ್ಲಿ ಹಿಂದಿಯ ಎಚ್‌ಎಂಎಸ್‌ಇ ರೂಪುಗೊಂಡಿತು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, ಹಲವು ಕೇಂದ್ರಗಳನ್ನು ಸೇರಿಸಿ ಕನ್ನಡವೂ ಸೇರಿದಂತೆ ಐದು ಭಾಷೆಗಳಲ್ಲಿ ಪರೀಕ್ಷೆಗಳ ಒಂದು ಕಟ್ಟನ್ನೇ ಸಿದ್ಧಪಡಿಸಿತು. ಅದಕ್ಕೀಗ ‘ಮುದ್ರಾ’ ಎಂಬ ಹೆಸರಿದೆ. ಅಂದರೆ ಬುನಾದಿ ಸಿದ್ಧವಾಗಿದೆ. ಅದು ನಮ್ಮ ಮೂರು ತಾಲ್ಲೂಕುಗಳ ಓದು ಬಾರದ ಹಿರಿಯರಿಗೆ ಹೊಂದುತ್ತದೆಯೇ? ತಾಂಡಾದಲ್ಲಿ ಹುಟ್ಟಿ ಮನೆಯಲ್ಲಿ ಲಂಬಾಣಿ, ಸಂತೆಯಲ್ಲಿ ಕನ್ನಡ ಆಡುವ ಅಜ್ಜಿಗೆ ಕನ್ನಡದ ಪರೀಕ್ಷೆ ಒಡ್ಡಿದರೆ ಅದು ಅಳೆಯುವುದು ಮರೆವನ್ನೋ, ಭಾಷೆಯನ್ನೋ? ತರೀಕೆರೆಯ ಪೇಟೆಯಲ್ಲಿ ಮನೆಮಾತು ಉರ್ದುವಾಗಿರುವ ಹಿರಿಯರ ಕಥೆ ಏನು? ಇವು ಎಂಆರ್‌ಐ ಇಲ್ಲದೆ ಶುರು ಮಾಡಬಹುದಾದ, ಎರಡು ಮೂರು ವರ್ಷದಲ್ಲಿ ಉತ್ತರ ಹುಡುಕಬಹುದಾದ ಪ್ರಶ್ನೆಗಳು.

ಹೀಗೆ ಸಣ್ಣದಾಗಿ ಕಾಣುವ ಪ್ರಶ್ನೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಈಗ ನಿಮ್ಹಾನ್ಸ್‌ನಲ್ಲಿರುವ ನರರೋಗ ತಜ್ಞೆ ಡಾ. ಸುವರ್ಣ ಅಲ್ಲಾಡಿ ಅವರ ಕೆಲಸ ನೋಡಿ. ಅವರು ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿದ್ದಾಗ 648 ಡಿಮೆನ್ಷಿಯಾ ರೋಗಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬಾರದವರಲ್ಲೂ ಈ ವ್ಯತ್ಯಾಸ ಇತ್ತು. ಜಗತ್ತೇ ತಿರುಗಿ ನೋಡಿದ ಈ ಕೆಲಸಕ್ಕೆ ನೆರವಾದದ್ದು ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಕಾಗ್ನಿಟಿವ್ ಸೈನ್ಸ್ ಯೋಜನೆ. ಹೊರದೇಶದ ದೊಡ್ಡ ನಿಧಿಯಲ್ಲ.

ಇನ್ನೊಂದು ದಿಕ್ಕೂ ಇದೆ. 2024ರ ಲ್ಯಾನ್ಸೆಟ್ ಆಯೋಗದ ವರದಿ ತಿದ್ದಿಕೊಳ್ಳಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿ, ಅವನ್ನೆಲ್ಲ ನಿವಾರಿಸಿದರೆ ಶೇ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದಿತು. ಕಿವಿ ಕೇಳಿಸದಿರುವುದು, ಕಣ್ಣು ಮಂಜಾಗುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಒಂಟಿತನ ಎಲ್ಲ ಅದರಲ್ಲಿವೆ. ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ಶಸ್ತ್ರಚಿಕಿತ್ಸೆಗೆ ಬರುವವರನ್ನು ಗಮನಿಸುವ ಒಂದು ಅಧ್ಯಯನಕ್ಕೆ ಬೇಕಾದ ಜನ ನಿಮ್ಮ ಕಣ್ಣೆದುರೇ ಇದ್ದಾರೆ.

ಯಾವ ಹಂತಕ್ಕೆ ಯಾವ ಬಾಗಿಲು

ಎಂಬಿಬಿಎಸ್ ಅಥವಾ ಬಿಡಿಎಸ್ ಓದುತ್ತಿರುವವರಿಗೆ ಐಸಿಎಂಆರ್‌ನ ಎಸ್‌ಟಿಎಸ್ ಯೋಜನೆ 1979ರಿಂದ ಇದೆ. ನಿಮ್ಮದೇ ಕಾಲೇಜಿನ ಪ್ರಾಧ್ಯಾಪಕರ ಮಾರ್ಗದರ್ಶನದಲ್ಲಿ ಎರಡು ತಿಂಗಳ ಪುಟ್ಟ ಅಧ್ಯಯನ ಮಾಡಿ ವರದಿ ಒಪ್ಪಿಸಬೇಕು. ಹಣ ಸಣ್ಣದು. ಆದರೆ ಪ್ರಸ್ತಾವ ಬರೆಯುವುದು, ಎಥಿಕ್ಸ್ ಸಮಿತಿಯ ಮುಂದೆ ನಿಲ್ಲುವುದು, ಹೇಳಿದ ದಿನಕ್ಕೆ ಕೆಲಸ ಮುಗಿಸುವುದು, ಈ ಮೂರನ್ನೂ ಕಲಿಸುತ್ತದೆ. ಬಿ.ಎಸ್ಸಿ., ಎಂ.ಎಸ್ಸಿ. ವಿದ್ಯಾರ್ಥಿಗಳು ಬೆಂಗಳೂರು, ದೆಹಲಿ ಮತ್ತು ಪ್ರಯಾಗರಾಜ್‌ನ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಬಹುದು. ಇದು ಪದವಿ ಕಾಲೇಜಿನ ಅಧ್ಯಾಪಕರಿಗೂ ತೆರೆದಿದೆ ಎಂಬುದನ್ನು ನಮ್ಮ ಕಡೆಯ ಮೇಷ್ಟ್ರುಗಳು ಗಮನಿಸಬೇಕು.

ಪಿಎಚ್‌ಡಿಗೆ ಹೊರಟವರಿಗೆ ಯುಜಿಸಿ ಅಥವಾ ಸಿಎಸ್‌ಐಆರ್ ನೆಟ್ ಪರೀಕ್ಷೆಯ ಜೆಆರ್‌ಎಫ್ ಭದ್ರವಾದ ದಾರಿ. 2023ರ ಜನವರಿಯಿಂದ ಇದರ ಮೊತ್ತ ತಿಂಗಳಿಗೆ 37,000 ರೂಪಾಯಿ. ಹಿರಿಯ ಫೆಲೋ ಆದ ಮೇಲೆ 42,000, ಮನೆ ಬಾಡಿಗೆ ಭತ್ಯೆ ಬೇರೆ. ಸ್ನಾತಕೋತ್ತರದಲ್ಲಿ ವಿಶ್ವವಿದ್ಯಾಲಯಕ್ಕೇ ಮೊದಲಿಗರಾದವರಿಗೆ ಇನ್‌ಸ್ಪೈರ್ ಫೆಲೋಶಿಪ್ ಇದೆ. ರಾಜ್ಯ ಸರ್ಕಾರದ ಕೆಸ್ಟೆಪ್ಸ್ ಸಂಸ್ಥೆಯೂ ವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುತ್ತದೆ. ಆರೈಕೆ ಮಾಡುವವರ ಬವಣೆ, ಕುಟುಂಬದ ಖರ್ಚು, ಆಸ್ತಿ ಮತ್ತು ಕಾನೂನಿನ ತೊಡಕು ನಿಮ್ಮ ವಿಷಯವಾದರೆ ವಿಜ್ಞಾನದ ಕದವನ್ನೇ ತಟ್ಟಬೇಕಿಲ್ಲ, ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿ, ಅಂದರೆ ಐಸಿಎಸ್‌ಎಸ್‌ಆರ್, ಇದೆ.

ಪಿಎಚ್‌ಡಿ ಮುಗಿಸಿದ ಮೇಲಿನ ಕಾಲ ಅತಿ ಕಷ್ಟದ್ದು. ಕೆಲಸ ಕಾಯಂ ಇಲ್ಲ, ಮನೆಯವರು ಮದುವೆ, ಸಂಬಳ ಎಂದು ಕೇಳುತ್ತಿರುತ್ತಾರೆ. ಎಷ್ಟೋ ಒಳ್ಳೆಯ ತಲೆಗಳು ಈ ಕ್ಷೇತ್ರವನ್ನು ಬಿಟ್ಟು ಹೋಗುವುದು ಇಲ್ಲಿಯೇ. ಈ ಹಂತಕ್ಕೆ ಮೊದಲು ನೋಡಬೇಕಾದದ್ದು ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ, ಅಂದರೆ ಎಎನ್‌ಆರ್‌ಎಫ್‌ನ, ರಾಷ್ಟ್ರೀಯ ಪೋಸ್ಟ್‌ಡಾಕ್ಟರಲ್ ಫೆಲೋಶಿಪ್. ಎರಡು ವರ್ಷದ್ದು, ವಯೋಮಿತಿ 35, ಮಹಿಳೆಯರಿಗೂ ಮೀಸಲು ವರ್ಗದವರಿಗೂ ಸಡಿಲಿಕೆ ಇದೆ. ಹಳೆಯ ಎಸ್‌ಇಆರ್‌ಬಿ ಈಗ ಈ ಪ್ರತಿಷ್ಠಾನದೊಳಗೆ ಸೇರಿಹೋಗಿದೆ, ಹಾಗಾಗಿ ಹಿರಿಯರು ಎಸ್‌ಇಆರ್‌ಬಿ ಎಂದರೆ ಗಲಿಬಿಲಿಯಾಗಬೇಡಿ.

ಅದಕ್ಕಿಂತ ದೊಡ್ಡದು ಇಂಡಿಯಾ ಅಲಯನ್ಸ್. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಟ್ರಸ್ಟ್ ಕೂಡಿ 2008ರಿಂದ ನಡೆಸುತ್ತಿರುವ ಇದರ ಮೂರನೇ ಹಂತಕ್ಕೆ 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಒಟ್ಟು 1,500 ಕೋಟಿ ರೂಪಾಯಿ, ಅದರಲ್ಲಿ 1,000 ಕೋಟಿ ಇಲಾಖೆಯದು, 500 ಕೋಟಿ ವೆಲ್‌ಕಮ್‌ನದು. ಆರಂಭಿಕ ಹಂತದ ಫೆಲೋಶಿಪ್ ಇದರಲ್ಲಿ ಮುಂದುವರಿಯುತ್ತದೆ. ಹಂತ ಬದಲಾದಾಗ ನಿಯಮಗಳೂ ಬದಲಾಗುತ್ತವೆ. ಹಿಂದಿನ ವರ್ಷ ಸಿಕ್ಕಿದವರ ಮಾತು ನಂಬಿ ಕೂರದೆ ಆಯಾ ವರ್ಷದ ಪ್ರಕಟಣೆಯನ್ನೇ ಓದಿ.

ವೈದ್ಯಕೀಯ ಕಾಲೇಜಿನಲ್ಲೋ ವಿಶ್ವವಿದ್ಯಾಲಯದಲ್ಲೋ ಸಹಾಯಕ ಪ್ರಾಧ್ಯಾಪಕರಾಗಿ ಕಾಯಂ ಹುದ್ದೆಗೆ ಸೇರಿದವರಿಗೆ ಎಎನ್‌ಆರ್‌ಎಫ್‌ನ ಪ್ರಧಾನಮಂತ್ರಿ ಆರಂಭಿಕ ಸಂಶೋಧನಾ ಅನುದಾನ ಇದೆ. ಮೂರು ವರ್ಷಕ್ಕೆ 60 ಲಕ್ಷ ರೂಪಾಯಿವರೆಗೆ, ವಯೋಮಿತಿ 42, ಸಡಿಲಿಕೆ ಬೇರೆ. ಐಸಿಎಂಆರ್‌ನ ಸಣ್ಣ ಅನುದಾನವೂ ಇವರಿಗೆ ಹೊಂದುತ್ತದೆ. ರಾಜ್ಯದ ವಿಷನ್ ಗ್ರೂಪ್, ಅಂದರೆ ವಿಜಿಎಸ್‌ಟಿ, ಎಳೆಯ ವಿಜ್ಞಾನಿಗಳಿಗೆಂದೇ ಬೀಜಧನ ಯೋಜನೆ ರೂಪಿಸಿತ್ತು. ಮೊತ್ತ ಚಿಕ್ಕದಾದರೂ ಪೈಪೋಟಿ ರಾಜ್ಯದೊಳಗಿನದು. ಮಕ್ಕಳು, ಮನೆ ಎಂದು ಕೆಲವು ವರ್ಷ ಓದು ಬಿಟ್ಟಿದ್ದ ಮಹಿಳೆಯರಿಗಾಗಿ ವಿಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆಗಳಿವೆ. ಅತ್ತೆ ಮಾವಂದಿರ ಆರೈಕೆಯಲ್ಲಿ ವರ್ಷಗಳನ್ನು ಕಳೆದವರು ಈ ಕಾಯಿಲೆಯನ್ನು ಬೇರೆ ಯಾರಿಗಿಂತಲೂ ಹತ್ತಿರದಿಂದ ಬಲ್ಲರು. ಅವರು ಮರಳಿ ಬರಬೇಕು ಎಂದು ನಾನು ಮನಸಾರೆ ಬಯಸುತ್ತೇನೆ.

ಹೊರದೇಶದ ನಿಧಿಗಳಲ್ಲಿ ಮುಖ್ಯವಾದದ್ದು ಅಮೆರಿಕದ ಅಲ್ಝೈಮರ್ಸ್ ಅಸೋಸಿಯೇಷನ್. ಪೋಸ್ಟ್‌ಡಾಕ್ ಮಾಡುವವರಿಗೆ ಒಂದು, ಹೊಸದಾಗಿ ಸ್ವತಂತ್ರ ಸಂಶೋಧಕರಾದವರಿಗೆ ಇನ್ನೊಂದು ಅನುದಾನ ಕೊಡುತ್ತದೆ, ಭಾರತದ ಸಂಸ್ಥೆಗಳಲ್ಲಿರುವವರೂ ಅರ್ಜಿ ಹಾಕಬಹುದು. ಮೊದಲು ಚಿಕ್ಕ ಆಶಯಪತ್ರ, ಅದು ಒಪ್ಪಿಗೆಯಾದರೆ ಮಾತ್ರ ಪೂರ್ಣ ಅರ್ಜಿ. ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಡಬ್ಲಿನ್‌ನಲ್ಲಿ ನೆಲೆಯಿರುವ, 2015ರಲ್ಲಿ ಹುಟ್ಟಿದ ಗ್ಲೋಬಲ್ ಬ್ರೇನ್ ಹೆಲ್ತ್ ಇನ್‌ಸ್ಟಿಟ್ಯೂಟ್‌ನ ಅಟ್ಲಾಂಟಿಕ್ ಫೆಲೋಶಿಪ್. ಇದಕ್ಕೆ ವಿಜ್ಞಾನಿಯೇ ಆಗಬೇಕಿಲ್ಲ. ಸಮಾಜ ಕಾರ್ಯಕರ್ತರು, ಪತ್ರಕರ್ತರು, ಕಲಾವಿದರು, ಅರ್ಥಶಾಸ್ತ್ರಜ್ಞರಿಗೂ ಜಾಗವಿದೆ. ಫೆಲೋ ಆಗಿ ತರಬೇತಿ ಪಡೆದವರು ಮುಂದೆ ತಮ್ಮೂರಿನಲ್ಲಿ ಕೆಲಸ ಶುರು ಮಾಡಲು 25,000 ಡಾಲರ್ ಆಸುಪಾಸಿನ ಪೈಲಟ್ ಅನುದಾನಕ್ಕೆ ಸ್ಪರ್ಧಿಸಬಹುದು. ಹಳ್ಳಿಯ ಅಧ್ಯಯನವೊಂದಕ್ಕೆ ಅದು ಕಡಿಮೆ ಹಣವಲ್ಲ.

ಸಂಸ್ಥೆ, ಸಮಿತಿ, ಸಹಿ

ಅನುದಾನ ನಿಮ್ಮ ಹೆಸರಿಗೆ ಮಂಜೂರಾದರೂ ಹಣ ಬರುವುದು ಸಂಸ್ಥೆಯ ಖಾತೆಗೆ. ಖರ್ಚಿನ ಲೆಕ್ಕ, ಬಳಕೆ ಪ್ರಮಾಣಪತ್ರ, ಆಡಿಟ್ ಎಲ್ಲವೂ ಸಂಸ್ಥೆಯ ಹೊಣೆ. ಆದ್ದರಿಂದ ಊರಿನ ಹೊಸ ಟ್ರಸ್ಟ್ ಕಟ್ಟಿಕೊಂಡು ದೊಡ್ಡ ಅನುದಾನ ಕೇಳಿದರೆ ಆಗದ ಮಾತು. ಖಾಸಗಿ ಸಂಸ್ಥೆಗಳಿಗೆ ಸಾಮಾನ್ಯವಾಗಿ ಡಿಎಸ್‌ಐಆರ್ ಮಾನ್ಯತೆ ಕೇಳುತ್ತಾರೆ. ನಮ್ಮ ಮೂರು ತಾಲ್ಲೂಕಿಗೆ ಹತ್ತಿರದ ನೆಲೆಗಳು ಚಿಕ್ಕಮಗಳೂರು ಮತ್ತು ಶಿವಮೊಗ್ಗದ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಮತ್ತು ಕುವೆಂಪು ವಿಶ್ವವಿದ್ಯಾಲಯ. ಜೊತೆಗೆ ಬೆಂಗಳೂರಿನ ನಿಮ್ಹಾನ್ಸ್ ಅಥವಾ ಸಿಬಿಆರ್‌ನ ಒಬ್ಬರು ಸಹಸಂಶೋಧಕರಾದರೆ ಅರ್ಜಿಯ ತೂಕವೇ ಬೇರೆ. ಬೀರೂರು, ಕಡೂರಿನಿಂದ ಬೆಂಗಳೂರಿಗೆ ನೇರ ರೈಲುಗಳಿವೆ. ಒಮ್ಮೆ ಹೋಗಿ ಮುಖಾಮುಖಿ ಮಾತಾಡಿ ಬನ್ನಿ. 2022ರ ಜನವರಿಯಲ್ಲಿ ನಿಮ್ಹಾನ್ಸ್ ಜೊತೆಗೂಡಿ ಸರ್ಕಾರ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರಿನಲ್ಲಿ ಮೊದಲಾಗಿ ಬೇರೆ ಜಿಲ್ಲೆಗಳಿಗೂ ಹಬ್ಬಿದೆ. ಪತ್ತೆಯಾದ ಹಿರಿಯರನ್ನು ಎಲ್ಲಿಗೆ ಕಳಿಸುತ್ತೀರಿ ಎಂದು ಅರ್ಜಿ ಓದುವವರು ಕೇಳಿಯೇ ಕೇಳುತ್ತಾರೆ. ಆಗ ಹೇಳಲು ಆಸ್ಪತ್ರೆಯ ಹೆಸರು ನಿಮ್ಮ ಬಳಿ ಇರಬೇಕು.

ಹೊರದೇಶದ ಹಣವಾದರೆ ಸಂಸ್ಥೆಗೆ ವಿದೇಶಿ ದೇಣಿಗೆ ಕಾಯ್ದೆ, ಅಂದರೆ ಎಫ್‌ಸಿಆರ್‌ಎ, ವಿಚಾರದಲ್ಲಿ ಏನು ಅನ್ವಯಿಸುತ್ತದೆ ಎಂದು ಲೆಕ್ಕಪತ್ರ ವಿಭಾಗವನ್ನು ಮೊದಲೇ ಕೇಳಿ. 2020ರ ತಿದ್ದುಪಡಿಯ ನಂತರ ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ಹಂಚುವಂತಿಲ್ಲ. ಹೊರದೇಶದವರ ಸಹಭಾಗಿತ್ವ ಇದ್ದರೆ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ಎಥಿಕ್ಸ್ ಸಮಿತಿಯ ಕೆಲಸವನ್ನು ಕೊನೆಗೆ ಇಡಬೇಡಿ. ಐಸಿಎಂಆರ್‌ನ 2017ರ ಮಾರ್ಗಸೂಚಿ ಇಲ್ಲಿ ಆಧಾರ. ಡಿಮೆನ್ಷಿಯಾ ಸಂಶೋಧನೆಯ ಅತಿ ನಾಜೂಕಾದ ಭಾಗ ಒಪ್ಪಿಗೆ ಪಡೆಯುವುದು. ಕಾಯಿಲೆ ಮುಂದುವರಿದವರಿಗೆ ಯಾವುದಕ್ಕೆ ಒಪ್ಪುತ್ತಿದ್ದೇನೆ ಎಂಬುದು ತಿಳಿಯದಿರಬಹುದು. ಆಗ ಕಾನೂನುಬದ್ಧ ಪ್ರತಿನಿಧಿಯ ಒಪ್ಪಿಗೆ ಬೇಕು, ಆದರೂ ಆ ಹಿರಿಯರಿಗೇ ತಿಳಿಯುವ ಹಾಗೆ ಹೇಳಿ ಅವರ ಸಮ್ಮತಿ ಕೇಳಬೇಕು. ಬೇಡ ಎಂದು ಕೈ ಸರಿಸಿದರೆ ಅಲ್ಲಿಗೆ ನಿಲ್ಲಿಸಬೇಕು, ಮಗ ಸಹಿ ಹಾಕಿದ್ದರೂ ಸರಿ. ಓದು ಬಾರದವರ ಹೆಬ್ಬೆಟ್ಟಿಗೆ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಸಹಿ ಬೇಕು. ಒಪ್ಪಿಗೆ ಪತ್ರದ ಕನ್ನಡ ಸರ್ಕಾರಿ ಸುತ್ತೋಲೆಯ ಕನ್ನಡವಾಗಿರಬಾರದು. ನಿಮ್ಮ ಅಜ್ಜಿಗೆ ಓದಿ ಹೇಳಿ ನೋಡಿ. ಅರ್ಥವಾಗದ ಸಾಲನ್ನು ಒಡೆದು ಬರೆಯಿರಿ.

ಅರ್ಜಿ ಮತ್ತು ಲೆಕ್ಕ

ಮೊದಲು ಎರಡು ಪುಟದ ಟಿಪ್ಪಣಿ ಬರೆಯಿರಿ. ಯಾವ ಪ್ರಶ್ನೆ, ಯಾಕೆ ಈಗ, ಯಾಕೆ ಈ ಊರು, ಎಷ್ಟು ಜನ, ಏನನ್ನು ಹೇಗೆ ಅಳೆಯುತ್ತೀರಿ, ಮುಗಿದಾಗ ಕೈಯಲ್ಲಿ ಏನಿರುತ್ತದೆ. ಡಿಮೆನ್ಷಿಯಾ ದೊಡ್ಡ ಸಮಸ್ಯೆ ಎಂದು ಅರ್ಧ ಪುಟ ಬರೆಯಬೇಡಿ, ಓದುವವರಿಗೆ ಅದು ಗೊತ್ತು. ಎಷ್ಟು ಜನ ಎಂಬುದನ್ನು ಸಂಖ್ಯಾಶಾಸ್ತ್ರ ಬಲ್ಲವರ ಜೊತೆ ಕೂತು ಲೆಕ್ಕ ಹಾಕಿಸಿ. ಹೊಸಬರ ಅರ್ಜಿ ಸೋಲುವುದು ಹೆಚ್ಚಾಗಿ ಆ ಸಾಲಿನಲ್ಲಿ.

ಬಜೆಟ್ಟಿನಲ್ಲಿ ಸಿಬ್ಬಂದಿ, ಉಪಕರಣ, ಬಳಕೆ ಸಾಮಗ್ರಿ, ಪ್ರಯಾಣ, ಇತರೆ, ಸಂಸ್ಥೆಯ ಓವರ್‌ಹೆಡ್ ಎಂಬ ಬಾಬ್ತುಗಳಿರುತ್ತವೆ. ಹಳ್ಳಿಯ ಕೆಲಸದಲ್ಲಿ ಹಣ ಹರಿಯುವುದು ಪ್ರಯಾಣ ಮತ್ತು ಸಿಬ್ಬಂದಿಗೆ. ಬಸ್ಸು ಬಾರದ ತಾಂಡಾಕ್ಕೆ ಆಟೊ ಬೇಕು. ಅಜ್ಜನನ್ನು ಆಸ್ಪತ್ರೆಗೆ ಕರೆತರುವ ಮಗಳ ಆ ದಿನದ ಕೂಲಿ ಹೋಗುತ್ತದೆ. ಅದಕ್ಕೆ ಪರಿಹಾರವನ್ನು ಬರೆದಿಡಿ, ಎಥಿಕ್ಸ್ ಸಮಿತಿಗೂ ತಿಳಿಸಿ. ಕ್ಷೇತ್ರ ಸಹಾಯಕರನ್ನು ಅದೇ ತಾಲ್ಲೂಕಿನಿಂದ ತೆಗೆದುಕೊಳ್ಳಿ, ಒಬ್ಬರಾದರೂ ಲಂಬಾಣಿ ಬಲ್ಲವರಿರಲಿ. ಅನುವಾದ ಮತ್ತು ಮರು ಅನುವಾದಕ್ಕೂ ಹಣ ಬೇಕು. ವೇಳಾಪಟ್ಟಿ ಹಾಕುವಾಗ ಈರುಳ್ಳಿ ಕೀಳುವ ಕಾಲ, ಅಡಿಕೆ ಕೊನೆ ಇಳಿಸುವ ಕಾಲ, ಊರ ಜಾತ್ರೆಯ ವಾರ ಬಿಟ್ಟು ಲೆಕ್ಕ ಹಾಕಿ. ಆ ದಿನಗಳಲ್ಲಿ ಮನೆಯಲ್ಲಿ ಮಾತಾಡಲು ಯಾರೂ ಸಿಗುವುದಿಲ್ಲ. ಕಂಡದ್ದನ್ನು ಊರಿಗೆ ಮರಳಿ ಹೇಳುವ ಸಭೆಗಳಿಗೂ ಒಂದು ಮೊತ್ತ ಇಡಿ. ರಕ್ತ ಕೊಟ್ಟವರಿಗೆ, ಗಂಟೆಗಟ್ಟಲೆ ಪ್ರಶ್ನೆಗೆ ಉತ್ತರಿಸಿದವರಿಗೆ ಅಷ್ಟು ತಿಳಿಯುವ ಹಕ್ಕಿದೆ.

ಮೊದಲ ಅರ್ಜಿ ತಿರಸ್ಕೃತವಾಗುವುದು ಸಾಮಾನ್ಯ. ಜೊತೆಗೆ ಬಂದ ಪರಿಶೀಲಕರ ಟಿಪ್ಪಣಿಯನ್ನು ಒಂದು ವಾರ ಬಿಟ್ಟು ಮತ್ತೆ ಓದಿ. ಇಬ್ಬರು ಒಂದೇ ಮಾತು ಹೇಳಿದ್ದರೆ ಅದನ್ನು ತಿದ್ದಿ. ಒಬ್ಬರು ಪ್ರಶ್ನೆಯನ್ನೇ ತಪ್ಪು ತಿಳಿದಿದ್ದರೆ ನಿಮ್ಮ ಬರವಣಿಗೆ ಎಲ್ಲಿ ಎಡವಿತೆಂದು ಹುಡುಕಿ. ಅದೇ ಪ್ರಸ್ತಾವವನ್ನು ಬೇರೆ ನಿಧಿಗೆ ಕಳಿಸುವಾಗ ಹಿಂದೆ ಎಲ್ಲಿಗೆ ಕಳಿಸಿದ್ದಿರಿ, ಈಗ ಎಲ್ಲಿ ಪರಿಶೀಲನೆಯಲ್ಲಿದೆ ಎಂಬುದನ್ನು ಕೇಳಿದ ಕಡೆ ಮುಚ್ಚಿಡದೆ ಬರೆಯಿರಿ. ಆ ನಡುವಿನ ತಿಂಗಳುಗಳಲ್ಲಿ ನಿಮ್ಮ ಸುತ್ತಲಿನ ಒಂದೇ ಊರಿನಲ್ಲಿ, ಎಥಿಕ್ಸ್ ಒಪ್ಪಿಗೆ ಪಡೆದು, ಇಪ್ಪತ್ತು ಮೂವತ್ತು ಹಿರಿಯರ ಜೊತೆ ಪರೀಕ್ಷೆಯನ್ನು ನಡೆಸಿ ನೋಡಿ. ಎರಡನೇ ಅರ್ಜಿಗೆ ಆ ಪುಟ್ಟ ಅಂಕಿಅಂಶವನ್ನು ಲಗತ್ತಿಸಿ, ಪ್ರಕಟಣೆಯ ಕೊನೆಯ ದಿನಾಂಕಕ್ಕೆ ಒಂದು ವಾರ ಮೊದಲೇ ಸಂಸ್ಥೆಯ ಮುಖ್ಯಸ್ಥರ ಸಹಿ ಹಾಕಿಸಿಕೊಳ್ಳಿ. ಸಾಹೇಬರು ರಜೆಯಲ್ಲಿದ್ದಾರೆ ಎಂಬ ಕಾರಣಕ್ಕೆ ಕಡೆಯ ದಿನ ಮೀರುವುದು ನಮ್ಮಲ್ಲಿ ನಡೆದೇ ಇರುತ್ತದೆ.